ಎಂಟು ಗಂಟೆಗೆ ಒಂದು ಹನಿ

ಬೆಳೆದ ಮನುಷ್ಯನ ಮೈಯಲ್ಲಿ ಹರಿಯುವ ಐದು ಲೀಟರ್ ರಕ್ತದಿಂದ ಸಕ್ಕರೆಯನ್ನಷ್ಟೇ ಬೇರೆ ಮಾಡಿ ತೆಗೆದಿಟ್ಟರೆ ಸಿಗುವುದು ಸುಮಾರು 5 ಗ್ರಾಂ. ಒಂದು ಟೀ ಚಮಚದಷ್ಟು, ಅಷ್ಟೇ. ಏನೂ ತಿನ್ನದೆ ಮಲಗಿದ್ದಾಗಲೂ ನಮ್ಮ ಲಿವರ್ ಗಂಟೆಗೆ ಏಳು ಗ್ರಾಂನಷ್ಟು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಅದರಲ್ಲಿ ಐದು ಗ್ರಾಂ ಮಿದುಳಿಗೇ ಬೇಕು, ಉಳಿದದ್ದು ಮಿಕ್ಕ ಅಂಗಗಳ ಪಾಲು. ಇರುವ ದಾಸ್ತಾನು ಒಂದು ಚಮಚ, ಗಂಟೆಗಂಟೆಗೂ ಬರುವುದು ಹೋಗುವುದು ಅದಕ್ಕಿಂತ ಹೆಚ್ಚು. ಹೀಗಿದ್ದೂ ಕಾಯಿಲೆಯಿಲ್ಲದವರಲ್ಲಿ ನಡುರಾತ್ರಿಯ ಸಕ್ಕರೆಗೂ ಬೆಳಗಿನ ಜಾವದ ಸಕ್ಕರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಇದನ್ನೆಲ್ಲ ನಾನು ಬಹಳ ಹಿಂದೆಯೇ ಓದಿದ್ದೆ. ಓದುವುದು ಬೇರೆ, ಆ ಲೆಕ್ಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು ಬೇರೆ.

ನನಗೆ ಟೈಪ್ 1 ಮಧುಮೇಹ ಬಂದದ್ದು ಉದ್ದಲಂಗ ಉಡುವ ವಯಸ್ಸಿನಲ್ಲಿ. ಅಂದಿನಿಂದ ಸೂಜಿ. ಮೊದಲ ವರ್ಷಗಳದ್ದು ಕೆಂಪು ಮುಚ್ಚಳದ ಸಿರಿಂಜು, ಒಂದು ಎಂಎಲ್‌ಗೆ 40 ಯೂನಿಟ್ಟಿನ ಸೀಸೆ. ಒಳಗೆ ತೆಳು ಮಜ್ಜಿಗೆಯ ಬಣ್ಣದ ಔಷಧ. ಸೀಸೆಯನ್ನು ಕುಲುಕಬಾರದು, ಎರಡು ಅಂಗೈ ನಡುವೆ ಹಗುರಾಗಿ ಉರುಳಿಸಬೇಕು, ತಳದ ಬಿಳಿ ಸಮವಾಗಿ ಬೆರೆತ ಮೇಲೆ ಎಳೆದುಕೊಳ್ಳಬೇಕು. ಆ ಇನ್ಸುಲಿನ್ನಿನ ಸ್ವಭಾವ ಏನೆಂದರೆ, ಚುಚ್ಚಿಕೊಂಡ ಕೆಲವು ಗಂಟೆಗಳ ಮೇಲೆ ಅದು ಏರುತ್ತದೆ. ಏರುವ ಹೊತ್ತಿಗೆ ಹೊಟ್ಟೆಯಲ್ಲಿ ಅನ್ನ ಇರಲೇಬೇಕು. ಇಲ್ಲದಿದ್ದರೆ ಕೈ ನಡುಗಿ, ಬೆವರಿ, ಕಣ್ಣು ಕತ್ತಲೆ ಬರುತ್ತದೆ. ಹೀಗಾಗಿ ನಾನು ಉಣ್ಣುತ್ತಿದ್ದದ್ದು ಹಸಿವಿಗಲ್ಲ, ಬೆಳಿಗ್ಗೆ ಚುಚ್ಚಿಕೊಂಡದ್ದಕ್ಕೆ. ಮದುವೆ ಮನೆಗಳಲ್ಲಿ ಮೊದಲ ಪಂಕ್ತಿಯೇ ಎರಡು ಗಂಟೆಗೆ ಏಳುತ್ತಿತ್ತು. ನೈವೇದ್ಯಕ್ಕೆ ಮುಂಚೆಯೇ ಅಡುಗೆಮನೆಯ ಮೂಲೆಯಲ್ಲಿ ಅಮ್ಮ ನನಗೊಂದು ತಟ್ಟೆ ಹಾಕಿಸುತ್ತಿದ್ದಳು, ಯಾರಿಗೂ ಕಾಣದ ಹಾಗೆ ಬಾಗಿಲಿಗೆ ಅಡ್ಡ ನಿಂತು. ಉಪವಾಸದ ಮಾತಂತೂ ಇರಲೇ ಇಲ್ಲ. ಮುಂದೆ ಇಡೀ ದಿನ ಒಂದೇ ಸಮ ಕೆಲಸ ಮಾಡುವ ಪೆನ್ನಿನ ಇನ್ಸುಲಿನ್ ಬಂದು ಈ ಬಿಗಿ ಒಂದಷ್ಟು ಸಡಿಲವಾಯಿತು. ಆದರೂ ರಾತ್ರಿ ಒಮ್ಮೆ ಚುಚ್ಚಿಕೊಂಡ ಮೇಲೆ ಅದು ನಮ್ಮ ಕೈಯಲ್ಲಿಲ್ಲ. ಮರುದಿನ ಜ್ವರ ಬರಲಿ, ಮನೆ ತೊಳೆಯುವ ಕೆಲಸ ಬರಲಿ, ಒಳಗೆ ಹೋದದ್ದು ಹೋಯಿತು.

ಮಧುಮೇಹಕ್ಕೂ ಉಪವಾಸಕ್ಕೂ ಹಳೆಯ ಸಂಬಂಧವೊಂದಿದೆ. ಇನ್ಸುಲಿನ್ ಸಿಗುವ ಮೊದಲು, 1910ರ ದಶಕದ ಅಮೆರಿಕದಲ್ಲಿ, ಈ ಕಾಯಿಲೆಗೆ ಉಪವಾಸವೇ ಔಷಧ. ಫ್ರೆಡರಿಕ್ ಆಲೆನ್ ಎಂಬ ವೈದ್ಯರು ಮಕ್ಕಳನ್ನು ಜೀವ ಹಿಡಿಯುವಷ್ಟು ಮಾತ್ರ ಉಣಿಸಿ ಉಳಿಸಿಕೊಳ್ಳುತ್ತಿದ್ದರು. ಕೆಲವು ತಿಂಗಳು, ಅದೃಷ್ಟವಿದ್ದರೆ ಕೆಲವು ವರ್ಷ. ಅವರ ರೋಗಿಗಳಲ್ಲಿ ಒಬ್ಬಳು ಎಲಿಜಬೆತ್ ಹ್ಯೂಸ್, ಅಮೆರಿಕದ ಆಗಿನ ವಿದೇಶಾಂಗ ಕಾರ್ಯದರ್ಶಿಯ ಮಗಳು. ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ, ಮಗಳ ತಟ್ಟೆ ಮಾತ್ರ ಖಾಲಿ. 1922ರ ಆಗಸ್ಟಿನಲ್ಲಿ ಇನ್ಸುಲಿನ್ ಕಂಡುಹಿಡಿದವರಲ್ಲೊಬ್ಬರಾದ ಟೊರಾಂಟೊದ ಬ್ಯಾಂಟಿಂಗ್ ಅವರ ಬಳಿಗೆ ಕರೆತಂದಾಗ ಹದಿನೈದಕ್ಕೆ ಕಾಲಿಡುತ್ತಿದ್ದ ಆ ಹುಡುಗಿಯ ತೂಕ ಸುಮಾರು 20 ಕಿಲೋ. ಇನ್ಸುಲಿನ್ ಕೊಟ್ಟರು, ಬ್ರೆಡ್ಡು ಕೊಟ್ಟರು. ಆಕೆ ಬದುಕಿದ್ದು 1981ರವರೆಗೆ. ಆಲೆನ್ ಅವರನ್ನು ಕ್ರೂರಿ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇನ್ಸುಲಿನ್ ಬರುವವರೆಗೆ ಎಲಿಜಬೆತ್ ಉಳಿದದ್ದು ಆ ಹಸಿವಿನಿಂದಲೇ.

ಈಗ ಸೂಜಿಯ ಬದಲಿಗೆ ನಾನು ಸೊಂಟಕ್ಕೆ ಸಿಕ್ಕಿಸಿಕೊಂಡ ಇನ್ಸುಲಿನ್ ಪಂಪಿನ ಮಾತಿಗೆ ಬರುತ್ತೇನೆ. 1960ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸಿನ ಆರ್ನಾಲ್ಡ್ ಕಾಡಿಶ್ ಮಾಡಿದ ಮೊದಲ ಮಾದರಿಯನ್ನು ಬೆನ್ನಿಗೆ ಹೊರಬೇಕಿತ್ತು. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯರು ಚರ್ಮದಡಿಗೆ ಸದಾ ಇನ್ಸುಲಿನ್ ಹರಿಸುವ ಸಣ್ಣ ಪಂಪಿನ ಬಗ್ಗೆ ಬರೆದದ್ದು 1978ರಲ್ಲಿ. ನನ್ನದು ಅಂಗೈಯಲ್ಲಿ ಅಡಗುತ್ತದೆ. ಹಿಂದಿನ ಕಾಲದ ಹೆಂಗಸರು ಎಲೆಅಡಿಕೆಯ ಸಂಚಿ ಸಿಕ್ಕಿಸುತ್ತಿದ್ದ ಜಾಗವೇ ಅದಕ್ಕೂ ಸರಿ ಹೋಯಿತು, ಸೀರೆಯ ನೆರಿಗೆಯ ಪಕ್ಕ. ಚೂಡಿದಾರ ಹೊಲಿಯುವವರು ಜೇಬು ಇಡುವುದನ್ನು ಯಾವಾಗ ಕಲಿಯುತ್ತಾರೋ!

ಪಂಪನ್ನು ಕಲಿಯುವುದರಲ್ಲಿ ಮೊದಲ ಪಾಠ ಗುಳ್ಳೆಗಳದ್ದು. ಫ್ರಿಜ್ಜಿನಿಂದ ತೆಗೆದ ಇನ್ಸುಲಿನ್ನನ್ನು ಹಾಗೇ ತುಂಬಬಾರದು. ಪಂಪಿನೊಳಗೆ ಬೆಚ್ಚಗಾದಂತೆ ಗಾಳಿ ಬಿಡುಗಡೆಯಾಗಿ ಗುಳ್ಳೆಗಳು ಏಳುತ್ತವೆ. ಕೋಣೆಯ ಬಿಸಿಗೆ ಬಂದ ಮೇಲೆ ಪುಟ್ಟ ಕೊಳವೆಗೆ ಎಳೆದುಕೊಂಡು, ಬೆಳಕಿಗೆ ಹಿಡಿದು, ಪೆನ್ನಿನ ಹಿಂಬದಿಯಿಂದ ತಟ್ಟಿ ತಟ್ಟಿ ಗುಳ್ಳೆಗಳನ್ನು ಮೇಲಕ್ಕೇರಿಸಿ ಹೊರಗೆ ತಳ್ಳಬೇಕು. ಆಮೇಲೆ ಪಂಪಿಗೆ ಕೂರಿಸಿ, ಉದ್ದದ ಸಣ್ಣ ಟ್ಯೂಬಿನಲ್ಲೆಲ್ಲ ಔಷಧ ತುಂಬಿಸಿ, ಸೂಜಿಯ ತುದಿಯಲ್ಲಿ ಹನಿ ಮೂಡುವವರೆಗೆ ಕಾಯಬೇಕು. ಆಗ ಒಂದು ವಾಸನೆ ಬರುತ್ತದೆ, ಫಿನಾಯಿಲ್ ಹಾಕಿ ಒರೆಸಿದ ಆಸ್ಪತ್ರೆಯ ನೆಲದ್ದು. ಇನ್ಸುಲಿನ್ ಕೆಡದಂತೆ ಸೇರಿಸಿರುವ ಮೆಟಾಕ್ರೆಸಾಲ್ ಎಂಬ ವಸ್ತುವಿನ ವಾಸನೆ ಅದು. ಟ್ಯೂಬು ಎಲ್ಲಾದರೂ ಸೋರಿದರೆ ಪಂಪಿಗೆ ಗೊತ್ತಾಗುವುದಿಲ್ಲ, ಮೂಗಿಗೆ ಗೊತ್ತಾಗುತ್ತದೆ. ಹೊಟ್ಟೆಯ ಮೇಲೆ ಹೊಸ ಜಾಗ ನೋಡಿ ಒತ್ತಿದರೆ ಟಕ್ ಎಂದು ಸೂಜಿ ಒಳಗೆ ಹೋಗಿ, ಸೂಜಿ ಹೊರಬಂದು, ಸಪೂರದ ಮೆತ್ತನೆ ನಳಿಕೆಯೊಂದು ಒಳಗೇ ಉಳಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಇಷ್ಟನ್ನೂ ಮತ್ತೆ ಮಾಡಬೇಕು.

ಸೂಜಿಯ ತುದಿಯ ಆ ಹನಿಯನ್ನು ನೋಡುತ್ತಾ ಕೂತಾಗಲೇ ನಾನು ಲೆಕ್ಕ ಹಾಕಿದ್ದು. ಪಂಪಿನ ಇನ್ಸುಲಿನ್ ಒಂದು ಎಂಎಲ್‌ಗೆ 100 ಯೂನಿಟ್. ಒಂದು ಎಂಎಲ್‌ಗೆ ಇಪ್ಪತ್ತು ಹನಿ ಎಂದರೆ ಒಂದು ಹನಿಯಲ್ಲಿ 5 ಯೂನಿಟ್. ನನ್ನ ಪಂಪು ಹಗಲಿನಲ್ಲಿ ಗಂಟೆಗೆ ಬಿಡುವುದು ಸುಮಾರು 0.6 ಯೂನಿಟ್. ಎಂಟು ಗಂಟೆಗೆ ಒಂದು ಹನಿ! ಅದೂ ಒಮ್ಮೆಗೇ ಅಲ್ಲ. ಒಳಗಿನ ಮೋಟಾರು ನಿಮಿಷಗಳ ಅಂತರದಲ್ಲಿ ತಿರುಪನ್ನು ಒಂದು ಎಳೆ ತಿರುಗಿಸಿ ಪಿಸ್ಟನ್ನನ್ನು ಕಣ್ಣಿಗೆ ಕಾಣದಷ್ಟು ಮುಂದೆ ನೂಕುತ್ತದೆ. ಆ ಹನಿಯಲ್ಲಿಯೂ ಬಹುಪಾಲು ನೀರೇ. 0.6 ಯೂನಿಟ್ಟಿನಲ್ಲಿ ನಿಜವಾದ ಇನ್ಸುಲಿನ್ನಿನ ತೂಕ ಸುಮಾರು 20 ಮೈಕ್ರೋಗ್ರಾಂ, ಒಂದು ಗ್ರಾಂನ ಐವತ್ತು ಸಾವಿರದಲ್ಲಿ ಒಂದು ಪಾಲು. ಲಿವರಿನಿಂದ ಹೊರಟ ಏಳು ಗ್ರಾಂ ಸಕ್ಕರೆಯನ್ನು ಒಂದು ಗಂಟೆ ಕಾಲ ಹತೋಟಿಯಲ್ಲಿಡಲು ಅಷ್ಟು ಸಾಕು. ಔಷಧದ ಪುಸ್ತಕ ಇದನ್ನು ‘ಬೇಸಲ್’ ಎಂಬ ಒಂದು ಪದದಲ್ಲಿ ಹೇಳಿ ಮುಂದಿನ ಪುಟಕ್ಕೆ ಹೋಗುತ್ತದೆ. ನನಗೆ ಮುಂದಿನ ಪುಟಕ್ಕೆ ಹೋಗಲಾಗಲಿಲ್ಲ.

ಇದರಲ್ಲಿ ಇನ್ನೊಂದು ಬೆರಗಿದೆ, ಗಂಟೆಗಳದ್ದು. ಡಾಕ್ಟರು ಬರೆದುಕೊಟ್ಟ ಪಟ್ಟಿಯಲ್ಲಿ ಮಧ್ಯರಾತ್ರಿಗೆ ಒಂದು ಪ್ರಮಾಣ, ಬೆಳಗಿನ ಜಾವ ಮೂರರಿಂದ ಎಂಟರವರೆಗೆ ಅದರ ಸುಮಾರು ಎರಡರಷ್ಟು, ಮಧ್ಯಾಹ್ನಕ್ಕೆ ಮತ್ತೊಂದು. ಗಾಢ ನಿದ್ದೆಯ ಹೊತ್ತಿಗೇ ಯಾಕೆ ಹೆಚ್ಚು? ಏಳುವ ಮುಂಚೆಯೇ ದೇಹ ಏಳುವುದಕ್ಕೆ ಸಿದ್ಧತೆ ನಡೆಸುತ್ತದಂತೆ. ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಎಲ್ಲ ಏರಿ, ಲಿವರ್ ಸಕ್ಕರೆ ಹೆಚ್ಚು ಬಿಡುತ್ತದೆ, ಇನ್ಸುಲಿನ್ನಿಗೆ ಮೈ ಸುಲಭಕ್ಕೆ ಮಣಿಯುವುದಿಲ್ಲ. ನಾವು ಯಾರೂ ಏಳದ ಬ್ರಾಹ್ಮೀ ಮುಹೂರ್ತಕ್ಕೆ ಲಿವರ್ ಎದ್ದಾಗಿರುತ್ತದೆ. ಸೂಜಿಯ ಕಾಲದಲ್ಲಿ ಬೆಳಿಗ್ಗೆ ಸಕ್ಕರೆ 240 ಬಂದರೆ “ರಾತ್ರಿ ಏನು ತಿಂದೆ?” ಎಂಬ ಪ್ರಶ್ನೆ ಬರುತ್ತಿತ್ತು, ಮನೆಯಲ್ಲೂ ಆಸ್ಪತ್ರೆಯಲ್ಲೂ. ಏನೂ ತಿಂದಿಲ್ಲ ಎಂದರೆ ನಂಬುವವರಿರಲಿಲ್ಲ.

ಪಟ್ಟಿ ಸರಿಯಾಗಿದೆಯೇ ಎಂದು ನೋಡುವ ಬಗೆ ಒಂದೇ, ಉಣ್ಣದೆ ಇರುವುದು. ಊಟ ಬಿಟ್ಟು ಗಂಟೆಗೊಮ್ಮೆ ಸಕ್ಕರೆ ನೋಡಬೇಕು. 30ಕ್ಕಿಂತ ಹೆಚ್ಚು ಏರಿಳಿಯದಿದ್ದರೆ ಆ ಹೊತ್ತಿನ ಪ್ರಮಾಣ ಸರಿ ಎಂದರ್ಥ. ದಿನದ ಒಂದೊಂದು ತುಂಡನ್ನು ಒಂದೊಂದು ಸಲ ಪರೀಕ್ಷಿಸಿ ಎಂದರು ಡಾಕ್ಟರು. 70ಕ್ಕೆ ಇಳಿದರೆ ಪರೀಕ್ಷೆ ಬಿಟ್ಟು ಗ್ಲುಕೋಸ್ ಪುಡಿ ತಿನ್ನಿ ಎಂದೂ ಎಚ್ಚರಿಸಿದರು. ಹಗಲಿನ ತುಂಡಿಗೆ ನಾನು ಆರಿಸಿದ್ದು ಏಕಾದಶಿ. ನಮ್ಮತ್ತೆ ಏಕಾದಶಿ ಬಿಟ್ಟವರಲ್ಲ. ಆ ದಿನ ಮನೆಯಲ್ಲಿ ಒಗ್ಗರಣೆಯ ವಾಸನೆಯೂ ಇರುವುದಿಲ್ಲ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ದಿನ ಯಾವುದು?

ನಾನು ಉಪವಾಸ ಎಂದು ಕೇಳಿ ಅತ್ತೆಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. ಹತ್ತು ಗಂಟೆಯ ಹೊತ್ತಿಗೆ ಹತ್ತಿರ ಬಂದು ಪಂಪಿನ ಕಡೆ ಕೈ ತೋರಿಸಿದರು.

“ಹೊಟ್ಟೆಗೆ ಏನೂ ಹಾಕದ ದಿನ ಅದಕ್ಕೇನೇ ಕೆಲಸ? ಆಫ್ ಮಾಡಿ ಇಡಬಾರದಾ?”

“ಹೊಟ್ಟೆ ಸುಮ್ಮನಿದೆ ಅತ್ತೆ, ಲಿವರ್ ಸುಮ್ಮನಿಲ್ಲ. ಅದು ಸಕ್ಕರೆ ಬಿಡ್ತಾನೇ ಇರುತ್ತೆ.”

“ಲಿವರಿಗೆ ಏಕಾದಶಿ ಇಲ್ವಾ ಹಾಗಾದ್ರೆ?”

ಅವರು ತಮಾಷೆಗೆ ಕೇಳಿದ್ದಲ್ಲ. ಈ ಕಾಯಿಲೆಯ ತಿರುಳನ್ನು ಅಷ್ಟು ಚಿಕ್ಕದಾಗಿ ಇನ್ಯಾರೂ ಹೇಳಿದ್ದು ನನಗೆ ನೆನಪಿಲ್ಲ. ಲಿವರಿಗೆ ಏಕಾದಶಿ ಇಲ್ಲ. ಇದ್ದರೆ ಉಪವಾಸ ಮಾಡುವ ಯಾರೂ ಸಂಜೆಯವರೆಗೆ ಉಳಿಯುತ್ತಿರಲಿಲ್ಲ. ನಾವು ಬಾಯಿ ಕಟ್ಟಿದಾಗ ಒಳಗೊಬ್ಬರು ಬಡಿಸುತ್ತಿರುತ್ತಾರೆ, ಆ ಬಡಿಸುವ ಕೈಯನ್ನು ಹಿಡಿದು ಸಾಕು ಎನ್ನುವುದು ಇನ್ಸುಲಿನ್. ಹಿಡಿಯುವವರೇ ಇಲ್ಲದಿದ್ದರೆ ಏನೂ ತಿನ್ನದ ಮನುಷ್ಯನಲ್ಲೂ ಸಕ್ಕರೆ ಮುನ್ನೂರು ನಾಲ್ಕುನೂರು ದಾಟುತ್ತದೆ. ಆಲೆನ್ ಅವರ ವಾರ್ಡಿನ ಮಕ್ಕಳು ಉಪವಾಸವಿದ್ದೂ ಗುಣವಾಗದೆ ಉಳಿದದ್ದು ಇದಕ್ಕೇ.

ಅಂದು ಮಧ್ಯಾಹ್ನ ಬಂದ ಸಂಖ್ಯೆಗಳು 112, 108, 117, 110. ಕಾಗದದ ಮೇಲೆ ಗುರುತು ಹಾಕಿ ಗೆರೆ ಎಳೆದರೆ ಹೆಚ್ಚು ಕಡಿಮೆ ನೇರ. ಕೆಟ್ಟ ಸಂಖ್ಯೆ ಬಂದಾಗಲೆಲ್ಲ ಅದಕ್ಕೊಂದು ಕಾರಣ ಹುಡುಕುವುದು ನನಗೆ ಅಭ್ಯಾಸವಾಗಿಹೋಗಿತ್ತು. ಏನೂ ಆಗದೇ ಇದ್ದದ್ದಕ್ಕೆ ಕಾರಣ ಹುಡುಕಬೇಕಾಗಿ ಬಂದದ್ದು ಅದೇ ಮೊದಲು. ಪಕ್ಕದ ಮನೆಯ ಹುಡುಗನಿಗೆ, ಹಾಲು ತರುವವನಿಗೆ, ಅತ್ತೆಗೆ ಈ ನೇರ ಗೆರೆ ಹುಟ್ಟಿನಿಂದ ಇದೆ, ಯಾರೂ ಅದನ್ನು ಎಳೆದು ನೋಡಿಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಚದುರಿಕೊಂಡಿರುವ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜೀವಕೋಶ ಗುಂಪುಗಳು ಆ ಕೆಲಸ ಮಾಡುತ್ತವೆ. ಎಲ್ಲ ಸೇರಿಸಿ ತೂಗಿದರೂ ಒಂದೆರಡು ಗ್ರಾಂ. 1869ರಲ್ಲಿ ಪೌಲ್ ಲಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ ಸೂಕ್ಷ್ಮದರ್ಶಕದಲ್ಲಿ ಅವನ್ನು ಕಂಡು ಬರೆದಿಟ್ಟ. ಅವು ಏನು ಮಾಡುತ್ತವೆ ಎಂದು ಅವನಿಗೆ ಗೊತ್ತಿರಲಿಲ್ಲ. ಈಗಲೂ ಅವುಗಳ ಜಾಣತನ ಪಂಪಿಗಿಲ್ಲ. ಅವು ಬಿಡುವ ಇನ್ಸುಲಿನ್ ನೇರವಾಗಿ ಮೊದಲು ಲಿವರಿಗೆ ಹೋಗುತ್ತದೆ, ಅರ್ಧದಷ್ಟು ಅಲ್ಲೇ ಬಳಕೆಯಾಗುತ್ತದೆ. ನಮ್ಮದು ಹೊಟ್ಟೆಯ ಚರ್ಮದಡಿ ಇಳಿದು, ಮೈಯೆಲ್ಲ ಸುತ್ತಿ, ಲಿವರಿಗೆ ತಡವಾಗಿ ತಲುಪುತ್ತದೆ. ಇಷ್ಟು ಬಳಸು ದಾರಿಯಲ್ಲಿ ಬಂದೂ ಗೆರೆ ನೇರವಾಗಿತ್ತಲ್ಲ!

ಪಂಪಿಗೆ ತನ್ನದೇ ಭಯಗಳಿವೆ. ಅದರಲ್ಲಿರುವುದು ಬೇಗ ಬಂದು ಬೇಗ ಹೋಗುವ ಇನ್ಸುಲಿನ್ ಮಾತ್ರ. ನಳಿಕೆ ಒಳಗೆ ಮಡಚಿಕೊಂಡರೆ, ಮಗ್ಗುಲು ಬದಲಿಸಿದಾಗ ಕಿತ್ತು ಬಂದರೆ, ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಕೀಟೋನ್ ಎಂಬ ಅಪಾಯದ ಆಮ್ಲ ಏರತೊಡಗುತ್ತದೆ. ಹಾಗಾಗಿ ಊರಿಗೆ ಹೋಗುವಾಗ ಇವತ್ತಿಗೂ ಚೀಲದಲ್ಲಿ ಸಿರಿಂಜು ಇರುತ್ತದೆ. ಬೆಲೆಯ ಮಾತಂತೂ ಲಕ್ಷಗಳದ್ದು, ತಿಂಗಳ ಖರ್ಚು ಬೇರೆ. ಸೀಸೆಯ ಇನ್ಸುಲಿನ್ನೇ ಹೊತ್ತಿಗೆ ಸಿಗದ ಮಕ್ಕಳಿರುವ ನಾಡಿನಲ್ಲಿ ಇದನ್ನು ಕಟ್ಟಿಕೊಂಡು ಬೆರಗಿನ ಮಾತಾಡುವುದಕ್ಕೆ ಸಂಕೋಚವಾಗುತ್ತದೆ. ಸಕ್ಕರೆ ಅಳೆಯುವ ಸೆನ್ಸರಿನ ಮಾತು ಕೇಳಿ ಐದು ನಿಮಿಷಕ್ಕೊಮ್ಮೆ ತಾವೇ ಪ್ರಮಾಣ ಬದಲಿಸುವ ಪಂಪುಗಳೂ ಬಂದಿವೆ. ಅಮೆರಿಕದಲ್ಲಿ ಅಂಥದ್ದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಒಳ್ಳೆಯದೇ, ಎಳೆಯ ಮಕ್ಕಳ ತಾಯಂದಿರು ರಾತ್ರಿ ನಿದ್ದೆ ಮಾಡಬಹುದು. ನಾನು ಮಾತ್ರ ಗಂಟೆ ಗಂಟೆಯ ಪ್ರಮಾಣವನ್ನು ಕೈಯಾರೆ ತಿದ್ದುವ ಪಂಪಿನಲ್ಲೇ ಮೊದಲು ಕಲಿತೆ ಎಂಬ ಸಮಾಧಾನ ಬಿಟ್ಟುಕೊಡಲಾರೆ.

ಈಗ ಏಕಾದಶಿಗೆ ನಾನೂ ಒಮ್ಮೊಮ್ಮೆ ಸೇರಿಕೊಳ್ಳುತ್ತೇನೆ. ಪುಣ್ಯದ ಲೆಕ್ಕ ಅತ್ತೆಯದು, ನನ್ನದು ಗೆರೆಯದು. ಫಲಾಹಾರ ಮಾಡುವ ಮನೆಗಳ ಉಪವಾಸ ನನ್ನ ಪಾಲಿಗೆ ಉಪವಾಸವೇ ಅಲ್ಲ. ಅವಲಕ್ಕಿ, ಸಬ್ಬಕ್ಕಿ ಎರಡೂ ಬಹುಪಾಲು ಪಿಷ್ಟ, ಅನ್ನದ ಊಟದ ಹಾಗೆಯೇ ಯೂನಿಟ್ ಬೇಡುತ್ತವೆ. ಕಷ್ಟ ಇರುವುದು ಮರುದಿನದ ಪಾರಣೆಯಲ್ಲಿ. ದ್ವಾದಶಿ ತಿಥಿ ಬೇಗ ಮುಗಿಯುವ ದಿನ ಸೂರ್ಯ ಹುಟ್ಟುತ್ತಲೇ ಎಲೆಯ ಮುಂದೆ ಕೂರಬೇಕು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿಯ ತಂಬುಳಿ, ಬಿಸಿ ಅನ್ನ. ಬೇಯಿಸಿದ ಅನ್ನ 100 ಗ್ರಾಂಗೆ ಸುಮಾರು 28 ಗ್ರಾಂ ಕಾರ್ಬ್. ಅದೇ ಅನ್ನಕ್ಕೆ ರಾತ್ರಿಗಿಂತ ಬೆಳಿಗ್ಗೆ ಹೆಚ್ಚು ಇನ್ಸುಲಿನ್ ಬೇಕು, ಅದೂ ತುತ್ತಿಗೆ ಹದಿನೈದು ನಿಮಿಷ ಮುಂಚೆ ಹೋಗಬೇಕು. ತಿಥಿ ನನಗಾಗಿ ಕಾಯುವುದಿಲ್ಲ. ಅದಕ್ಕೇ ಹಿಂದಿನ ರಾತ್ರಿಯೇ ಅತ್ತೆ ಪಂಚಾಂಗ ತೆಗೆದು ಪಾರಣೆಯ ಹೊತ್ತು ನೋಡಿ, ಅದರಲ್ಲಿ ಕಾಲು ಗಂಟೆ ಕಳೆದು ನನಗೆ ಹೇಳುತ್ತಾರೆ. ಬೆಳಿಗ್ಗೆ ಅಡುಗೆಮನೆಯಿಂದಲೇ ಕೂಗುತ್ತಾರೆ: “ಗುಂಡಿ ಒತ್ತಿದ್ಯೇನೇ? ಎಲೆ ಹಾಕ್ತೀನಿ ನೋಡು.”