ಕಾಣದ ಕೊಳೆ, ಶೌಚದ ಎಲ್ಲೆ

ಶುದ್ಧಿ ಎಂಬ ಕರ್ತವ್ಯಕ್ಕೆ ಕೊನೆ ಇದೆಯೇ, ಇದ್ದರೆ ಅದನ್ನು ಗೊತ್ತುಮಾಡುವವರು ಯಾರು ಎಂಬ ಪ್ರಶ್ನೆ ಧರ್ಮಶಾಸ್ತ್ರಗಳಷ್ಟೇ ಹಳೆಯದು. ಆದರೆ ಇಂದಿನ ಗೃಹಸ್ಥನಿಗೆ ಅದು ಎದುರಾಗುವುದು ನದೀತೀರದಲ್ಲೋ ಯಾಗಶಾಲೆಯಲ್ಲೋ ಅಲ್ಲ, ಅಡುಗೆಮನೆಯ ಮೂಲೆಯಲ್ಲಿ ಗುಂಯ್‌ಗುಡುವ ಫ್ರಿಜ್ಜಿನ ಮುಂದೆ. ಅದರ ಗಾಜಿನ ತಟ್ಟೆಗಳನ್ನು ಹೊರತೆಗೆದು ತೊಳೆಯುವುದು ಸುಲಭ. ಆದರೆ ಬಾಗಿಲಿನ ಅಂಚಿಗೆ ಕೂರಿಸಿರುವ, ಅಯಸ್ಕಾಂತದ ಪಟ್ಟಿಯನ್ನು ಒಳಗಿಟ್ಟುಕೊಂಡ ರಬ್ಬರ್ ಗ್ಯಾಸ್ಕೆಟ್ಟಿನ ಮಡಿಕೆಗಳಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ತರಕಾರಿ ಡಬ್ಬಿಯ ಹಿಂದಿನ ಗೋಡೆಯ ಕಿರುರಂಧ್ರದಲ್ಲಿ ಕೊತ್ತಂಬರಿಯ ಎಲೆಚೂರು ಸಿಕ್ಕಿಕೊಳ್ಳುತ್ತದೆ. ಕರಗಿದ ಹಿಮದ ನೀರು ಆ ರಂಧ್ರದಿಂದ ಕೊಳವೆಗೆ ಇಳಿದು, ಹಿಂಬದಿಯ ಕಂಪ್ರೆಸರಿನ ಮೇಲಿರುವ ತಟ್ಟೆಯಲ್ಲಿ ನಿಂತು, ಅದರ ಬಿಸಿಗೆ ಆರುವಾಗ ಲೋಳೆಯ ಪದರವೊಂದನ್ನು ಬಿಟ್ಟುಹೋಗುತ್ತದೆ. ಮಡಿಯ ಮನೆಯೂ ಈ ಮಡಿಕೆಯಿಂದ ತಪ್ಪಿಸಿಕೊಂಡಿಲ್ಲ.

ಶೌಚದ ಹಳೆಯ ವಿಚಾರಕ್ಕೆ ಈ ಯಂತ್ರವೇ ಒಂದು ತೊಡಕು. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ತಾಮಸ ಆಹಾರವನ್ನು ವಿವರಿಸುವಾಗ ಬಳಸುವ ‘ಪರ್ಯುಷಿತ’ ಎಂಬ ಪದಕ್ಕೆ, ಬೆಂದು ಒಂದು ರಾತ್ರಿ ಕಳೆದದ್ದು, ಅಂದರೆ ಕನ್ನಡದ ತಂಗಳು, ಎಂದು ಶಂಕರಭಾಷ್ಯ ಅರ್ಥ ಮಾಡುತ್ತದೆ. ಫ್ರಿಜ್ಜಾದರೋ ಆಹಾರಕ್ಕೆ ರಾತ್ರಿ ಕಳೆಯಿಸುವುದಕ್ಕೆಂದೇ ಹುಟ್ಟಿದ ಪೆಟ್ಟಿಗೆ. ಬೇಯಿಸಿದ ಅನ್ನವನ್ನು ಮುಟ್ಟಿದ ಕೈಯನ್ನು ತೊಳೆಯದೆ ಹಾಲು ಮೊಸರನ್ನು ಮುಟ್ಟಬಾರದೆಂಬುದು ಮುಸುರೆಯ ಕಟ್ಟಳೆ. ಅದನ್ನು ಪಾಲಿಸುತ್ತಿದ್ದ ಕರ್ನಾಟಕದ ಬ್ರಾಹ್ಮಣ ಮನೆಗಳಲ್ಲಿ ಅನ್ನದ ಪಾತ್ರೆಯೂ ಮೊಸರಿನ ಪಾತ್ರೆಯೂ ಒಂದೇ ತಣ್ಣನೆಯ ಗಾಳಿಯಲ್ಲಿ ಕೂರಬೇಕಾದಾಗ, ಮುಸುರೆಗೊಂದು ಅಂತಸ್ತು ಮಡಿಗೊಂದು ಅಂತಸ್ತು ಎಂಬ ರಾಜಿ ಬೇಕಾಯಿತು. ಎಣ್ಣೆ ತುಪ್ಪ ಬೆರೆತ ತಂಗಳಿಗೆ ಮನುಸ್ಮೃತಿಯೇ ವಿನಾಯಿತಿ ಕೊಟ್ಟಿರುವುದರಿಂದ, ಇಂಥ ರಾಜಿ ಹೊಸದೇನೂ ಅಲ್ಲ.

ಗ್ಯಾಸ್ಕೆಟ್ಟಿನ ಮಡಿಕೆಗೆ ಇನ್ನೂ ಹತ್ತಿರದ ಮಾತು ಅದೇ ಸ್ಮೃತಿಯ ಐದನೆಯ ಅಧ್ಯಾಯದ ದ್ರವ್ಯಶುದ್ಧಿ ಪ್ರಕರಣದಲ್ಲಿದೆ. ದ್ರವ್ಯಶುದ್ಧಿ ಎಂದರೆ ಪಾತ್ರೆ, ಬಟ್ಟೆ, ಧಾನ್ಯ ಮೊದಲಾದ ವಸ್ತುಗಳನ್ನು ಶುದ್ಧಿಗೊಳಿಸುವ ಕ್ರಮ. ತಾಮ್ರ, ಕಂಚು, ತವರ, ಸೀಸಗಳನ್ನು ಕ್ಷಾರ, ಹುಳಿ ಮತ್ತು ನೀರಿನಿಂದ ಬೆಳಗಬೇಕೆಂದು ಹೇಳುವಷ್ಟು ವಿವರಕ್ಕೆ ಅದು ಇಳಿಯುತ್ತದೆ. ಇಷ್ಟು ಪಟ್ಟಿ ಮಾಡಿದ ಗ್ರಂಥವೇ, ದೇವತೆಗಳು ಮೂರನ್ನು ಶುದ್ಧವೆಂದು ಗೊತ್ತುಮಾಡಿದ್ದಾರೆ ಎನ್ನುತ್ತದೆ: ಅಶುದ್ಧಿ ಕಣ್ಣಿಗೆ ಬೀಳದಿರುವುದು, ನೀರಿನಿಂದ ತೊಳೆದದ್ದು, ಶುದ್ಧವೆಂದು ಮಾತಿನಿಂದ ಹೇಳಿಸಿಕೊಂಡದ್ದು. ಇವುಗಳಲ್ಲಿ ಮೊದಲನೆಯದಕ್ಕೆ ‘ಅದೃಷ್ಟ’ ಎಂದು ಹೆಸರು. ಕನ್ನಡದಲ್ಲಿ ಈಗ ಆ ಪದಕ್ಕೆ ಒಳ್ಳೆಯ ದೆಸೆ ಎಂಬ ಅರ್ಥವೇ ಉಳಿದಿದೆ, ಮತ್ತು ಫ್ರಿಜ್ಜಿನ ಹಿಂಬದಿಯನ್ನು ಎಂದೂ ನೋಡದವರ ವಿಷಯದಲ್ಲಿ ಎರಡು ಅರ್ಥಗಳೂ ಒಟ್ಟಿಗೆ ಹೊಂದುತ್ತವೆ.

ಈ ಮೂರಕ್ಕೂ ಸರಿಸಾಟಿಯಾದ ಮೂರನ್ನು ದೂರದ ಇನ್ನೊಂದು ಸಂಪ್ರದಾಯದಲ್ಲಿ ಕಾಣಬಹುದು. ಯೆಹೂದಿಗಳ ಪಾಸೋವರ್ ಹಬ್ಬದಲ್ಲಿ ‘ಹಮೆತ್ಸ್’, ಅಂದರೆ ಗೋಧಿ, ಬಾರ್ಲಿ ಮೊದಲಾದ ಐದು ಧಾನ್ಯಗಳಿಂದಾದ ಹುಳಿಬಂದ ಪದಾರ್ಥ, ತಿನ್ನುವುದಿರಲಿ ಮನೆಯಲ್ಲಿ ಇರುವುದೂ ನಿಷಿದ್ಧ. ಆದ್ದರಿಂದ ಹಬ್ಬಕ್ಕೆ ಮುಂಚೆ ಮನೆಯನ್ನೆಲ್ಲ ತೊಳೆಯುವಾಗ ಫ್ರಿಜ್ಜಿನ ರಬ್ಬರಿನ ಸಂದಿಗಳನ್ನೂ ರೊಟ್ಟಿಯ ಪುಡಿಗಾಗಿ ಕೆದಕುವುದು ಇಂದಿನ ನಿಷ್ಠಾವಂತ ಮನೆಗಳಲ್ಲಿ ಸಾಮಾನ್ಯ. ಕೊಚ್ಚಿಯ ಯೆಹೂದಿಗಳಂತೂ ಈ ಸಿದ್ಧತೆಯ ಕಟ್ಟುನಿಟ್ಟಿಗೆ ಹೆಸರಾಗಿದ್ದರು. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಯೆಹೂದಿಗಳ ಧರ್ಮಸಂಹಿತೆಯಾದ ಮಿಶ್ನಾ, ಹಬ್ಬದ ಹಿಂದಿನ ರಾತ್ರಿ ದೀಪ ಹಿಡಿದು ಹುಡುಕಬೇಕೆಂದು ವಿಧಿಸುತ್ತದೆ. ಅದರ ಬೆನ್ನಿಗೇ, ಹಮೆತ್ಸ್ ತರುವ ರೂಢಿಯಿಲ್ಲದ ಜಾಗವನ್ನು ಹುಡುಕಬೇಕಿಲ್ಲ ಎನ್ನುತ್ತದೆ. ಹುಡುಕಿದ ಜಾಗಕ್ಕೆ ಯಾವುದೋ ಪ್ರಾಣಿ ಮತ್ತೆ ತುಣುಕೊಂದನ್ನು ಎಳೆದು ತಂದಿದ್ದರೆ ಎಂಬ ಅಳುಕಿಗೂ ಅದು ಎಡೆಗೊಡುವುದಿಲ್ಲ: ಮನೆಯಿಂದ ಮನೆಗೆ ಎಳೆಯಬಹುದಾದರೆ ಊರಿಂದ ಊರಿಗೂ ಎಳೆಯಬಹುದು, ಆಗ ಅನುಮಾನಕ್ಕೆ ತುದಿಯೇ ಇರುವುದಿಲ್ಲ ಎಂಬುದು ಅದು ಕೊಡುವ ಕಾರಣ. ಹುಡುಕಾಟ ಮುಗಿದ ಮೇಲೆ, ಕಣ್ಣಿಗೆ ಬೀಳದೆ ಉಳಿದಿರಬಹುದಾದ ಹಮೆತ್ಸ್ ಎಲ್ಲವೂ ನೆಲದ ಧೂಳಿಗೆ ಸಮ ಎಂದು ಮನೆಯೊಡೆಯ ಬಾಯಿಬಿಟ್ಟು ಹೇಳುತ್ತಾನೆ. ಈ ಕ್ರಿಯೆಗೆ ‘ಬಿಟ್ಟುಲ್’, ಅಂದರೆ ಇಲ್ಲವಾಗಿಸುವುದು, ಎಂದು ಹೆಸರು. ಕಾಣದ್ದು, ತೊಳೆದದ್ದು, ಮಾತಿನಿಂದ ತೀರಿದ್ದು ಎಂಬ ಸ್ಮೃತಿಯ ಮೂರೂ ಇಲ್ಲಿ ಬೇರೆ ಉಡುಪಿನಲ್ಲಿ ಬಂದಿವೆ. ಕೊಳೆ ಎಲ್ಲಿ ಮುಗಿಯುತ್ತದೆ ಎಂಬುದರ ಮೇಲಲ್ಲ, ಮನುಷ್ಯನ ನೋಟ ಎಲ್ಲಿ ಮುಗಿಯುತ್ತದೆ ಎಂಬುದರ ಮೇಲೆ ಎರಡು ಶಾಸ್ತ್ರಗಳೂ ಎಲ್ಲೆ ಹಾಕಿವೆ.

ಈ ಎಲ್ಲೆಯನ್ನು ಸೂಕ್ಷ್ಮದರ್ಶಕ ಅಳಿಸಿಹಾಕಿತೇ ಎಂಬುದು ಮುಂದಿನ ಪ್ರಶ್ನೆ. ನಾಲ್ಕು ಡಿಗ್ರಿ ಸೆಲ್ಸಿಯಸ್ಸಿನ ತಂಪು ಬಹುಪಾಲು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ಅವುಗಳನ್ನು ಕೊಲ್ಲುವುದಿಲ್ಲ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಆ ತಂಪಿನಲ್ಲಿಯೂ ಬೆಳೆಯುತ್ತದೆ, ಗರ್ಭಿಣಿಯರಿಗೂ ವೃದ್ಧರಿಗೂ ಅದರ ಅಪಾಯ ಹೆಚ್ಚು. ಹೀಗಿರುವಾಗ ಕಾಣದ್ದನ್ನು ಶುದ್ಧವೆನ್ನುವ ಮಾತು ಅಜ್ಞಾನದ ಕಾಲದ್ದೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಸ್ಮೃತಿಯ ಮಾತು ವಸ್ತುವಿನ ಸ್ಥಿತಿಯನ್ನು ವರ್ಣಿಸುವುದಕ್ಕಿಂತ ಮನುಷ್ಯನ ಹೊಣೆಯನ್ನು ಅಳೆಯುತ್ತದೆ ಎಂದು ಓದುವುದೇ ಯುಕ್ತ. ಹಾಗೆ ಓದಿದಾಗ ಮುಖ್ಯವಾದ ಒಂದು ಭೇದ ಹೊಳೆಯುತ್ತದೆ: ಕಾಣಲಾಗದ್ದು ಬೇರೆ, ನೋಡದೆ ಬಿಟ್ಟದ್ದು ಬೇರೆ. ರಬ್ಬರಿನ ಮಡಿಕೆಯನ್ನು ಬೆರಳಿನಿಂದ ಬಿಡಿಸಿದರೆ ಬೂಷ್ಟು ಕಾಣುತ್ತದೆ, ಡಬ್ಬಿಯನ್ನು ಈಚೆಗೆ ಎಳೆದರೆ ರಂಧ್ರ ಕಾಣುತ್ತದೆ. ಇವು ಅದೃಷ್ಟದ ಲೆಕ್ಕಕ್ಕೆ ಸೇರುವುದಿಲ್ಲ, ಉಪೇಕ್ಷೆಯ ಲೆಕ್ಕಕ್ಕೆ ಸೇರುತ್ತವೆ.

ಕಾಣದ್ದು ಎಂದರೆ ಯಾರಿಗೆ ಕಾಣದ್ದು ಎಂಬುದನ್ನೂ ಕೇಳಬೇಕು. ಮನೆಯೊಡೆಯನ ಕಣ್ಣಿಗೆ ಬೀಳದ ಲೋಳೆ, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಮೊಣಕಾಲೂರಿ ಕೂತ ಗೃಹಿಣಿಗೋ ಕೆಲಸದಾಕೆಗೋ ಚೆನ್ನಾಗಿ ಕಂಡಿರುತ್ತದೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ನಿರಾಕರಿಸಿದ ಹನ್ನೆರಡನೆಯ ಶತಮಾನದ ಶರಣರು ತಮ್ಮ ಕಾಲದ ಶೌಚವಿಚಾರದಲ್ಲಿ ಕಂಡ ಮುಖ್ಯ ದೋಷವೂ ಇಂಥದೇ: ಕೊಳೆಯನ್ನು ವಸ್ತುವಿನಲ್ಲಿ ಹುಡುಕುವ ಬದಲು ಅದನ್ನು ತೆಗೆಯುವವರ ಮೈಗೆ ಅಂಟಿಸುವುದು.

ಪತಂಜಲಿಯ ಯೋಗಸೂತ್ರ ಇದೇ ವಿಷಯವನ್ನು ಮತ್ತೊಂದು ತುದಿಯಿಂದ ಹಿಡಿಯುತ್ತದೆ. ಐದು ನಿಯಮಗಳಲ್ಲಿ ಮೊದಲನೆಯದಾದ ಶೌಚವನ್ನು ವ್ಯಾಸಭಾಷ್ಯ, ಮಣ್ಣು ನೀರುಗಳಿಂದಾಗುವ ಬಾಹ್ಯ, ಚಿತ್ತದ ಮಲವನ್ನು ಕಳೆಯುವ ಆಭ್ಯಂತರ ಎಂದು ಎರಡಾಗಿ ವಿಂಗಡಿಸುತ್ತದೆ. ಎಷ್ಟು ತೊಳೆದರೂ ಮೈ ಶುದ್ಧವಾಗುವುದನ್ನು ಕಾಣದ ಸಾಧಕನಿಗೆ ದೇಹದ ಮೇಲಿನ ಮೋಹ ಕಳಚುತ್ತದೆ ಎನ್ನುತ್ತದೆ. ತೊಳೆಯುವಿಕೆ ಮುಗಿಯುವುದಿಲ್ಲ ಎಂಬ ಅರಿವನ್ನೇ ಅದು ಶೌಚದ ಫಲವಾಗಿ ಎಣಿಸಿದೆ. ಇದು ಯೋಗಿಗೆ ಒಪ್ಪುವ ಮಾತು. ಸಂಜೆಯ ಹಾಲು ಕೆಡದಂತೆ ನೋಡಿಕೊಳ್ಳಬೇಕಾದ ಮನೆಗೆ ಸ್ಮೃತಿ ಮತ್ತು ಮಿಶ್ನಾಗಳ ಮಿತವಾದ ತೀರ್ಪೇ ಮೇಲು.

ಆ ತೀರ್ಪಿನಂತೆ ನಡೆಯಲು ಬೇಕಾದ ಸಲಕರಣೆಯೂ ಅಲ್ಪ: ಪ್ಲಗ್ ಕಿತ್ತಿಟ್ಟ ಫ್ರಿಜ್ಜು, ಅಡುಗೆ ಸೋಡಾ ಕದಡಿದ ಉಗುರುಬೆಚ್ಚಗಿನ ನೀರು, ಮಡಿಕೆಗೊಂದು ಮೆದುವಾದ ಬ್ರಷ್ಷು, ರಂಧ್ರಕ್ಕೊಂದು ಹತ್ತಿ ಸುತ್ತಿದ ಕಡ್ಡಿ. ರಂಧ್ರ ತೆರೆದಿದೆಯೆಂದು ತಿಳಿಯಲು ಅರ್ಧ ಲೋಟ ನೀರನ್ನು ಅದರೊಳಕ್ಕೆ ಮೆಲ್ಲನೆ ಸುರಿದರೆ ಸಾಕು. ನೀರು ನಿಲ್ಲದೆ ಇಳಿದುಹೋಗಿ ಹಿಂಬದಿಯ ತಟ್ಟೆ ಸೇರುತ್ತದೆ.