ಸದ್ಗುಣಕ್ಕೆ ಮೈ ಬಂದ ಬಗೆ

ಸದ್ಗುಣವು ಮನಸ್ಸಿನೊಳಗಿನ ನೆಲೆಯೋ, ಲೋಕದ ನಡುವೆ ನಡೆಯಬೇಕಾದ ಕೆಲಸವೋ ಎಂಬ ಹಳೆಯ ಪ್ರಶ್ನೆಯನ್ನು 16ನೆಯ ಶತಮಾನದ ನೆದರ್ಲ್ಯಾಂಡ್ಸ್‌ನ ಕೆತ್ತನೆಗಾರರು ತಾಮ್ರದ ಫಲಕದ ಮೇಲೆ ಎದುರಿಸಿದರು. ಕ್ರೈಸ್ತ ಪರಂಪರೆಯು ಸಂತ ಪೌಲನ ಪತ್ರದಿಂದ ಬಂದ ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಮೂರು ದೈವಿಕ ಗುಣಗಳನ್ನೂ, ಗ್ರೀಕ್ ತತ್ತ್ವಚಿಂತನೆಯಿಂದ ಪಡೆದ ವಿವೇಕ, ನ್ಯಾಯ, ಧೈರ್ಯ, ಸಂಯಮಗಳನ್ನೂ ಕೂಡಿಸಿ ಏಳು ಸದ್ಗುಣಗಳೆಂದು ಎಣಿಸುತ್ತದೆ. ಲ್ಯಾಟಿನ್ನಿನಲ್ಲಿ ಈ ಏಳೂ ಹೆಸರುಗಳು ಸ್ತ್ರೀಲಿಂಗದವಾದ್ದರಿಂದ, ಅಮೂರ್ತ ಭಾವಕ್ಕೆ ಮನುಷ್ಯಾಕಾರ ಕೊಡುವ ರೂಪಕಮೂರ್ತಿಗಳು ಹೆಣ್ಣಿನ ರೂಪದಲ್ಲಿ ಮೂಡಿದವು.

ಲೈಡನ್ ನಗರದ ಲೂಕಾಸ್ 1530ರಲ್ಲಿ ಕೆತ್ತಿದ ಸರಣಿಯಲ್ಲಿ ಒಂದೊಂದು ಗುಣವೂ ಒಬ್ಬ ನಗ್ನ ಸ್ತ್ರೀಯಾಗಿ ಕುಳಿತಿದೆ. ಆಕೆಯ ಲಾಂಛನದಿಂದಲೇ, ಎಂದರೆ ಗುರುತಿಗೆಂದು ಇಟ್ಟ ವಸ್ತುವಿನಿಂದಲೇ, ಆಕೆ ಯಾರೆಂದು ತಿಳಿಯಬೇಕು. ಇಲ್ಲಿ ಗುಣವು ತನ್ನಲ್ಲಿ ತಾನು ಪೂರ್ಣವಾದದ್ದು.

1559 ಮತ್ತು 1560ರಲ್ಲಿ ಹಿರಿಯ ಪೀಟರ್ ಬ್ರೂಗೆಲ್ ಬರೆದ ರೇಖಾಚಿತ್ರಗಳನ್ನು ಆಧರಿಸಿ ಆಂಟ್‌ವರ್ಪ್‌ನ ಹೈರೋನಿಮಸ್ ಕಾಕ್ ಪ್ರಕಟಿಸಿದ ಕೆತ್ತನೆಗಳಲ್ಲಿ ಈ ಏಕಾಂತ ಉಳಿಯುವುದಿಲ್ಲ. ನಿರೀಕ್ಷೆಯು ತಲೆಯ ಮೇಲೆ ಜೇನುಗೂಡು ಹೊತ್ತು, ಕೈಯಲ್ಲಿ ಕುಡುಗೋಲು, ಸಲಿಕೆ ಹಿಡಿದು, ಉಕ್ಕುವ ಕಡಲಿನಲ್ಲಿ ಲಂಗರಿನ ಮೇಲೆ ನಿಂತಿದ್ದರೆ, ಸುತ್ತ ಹಡಗುಗಳು ಮುಳುಗುತ್ತಿವೆ, ಸೆರೆಯಾಳುಗಳು ಬಿಡುಗಡೆಗೆ ಕಾಯುತ್ತಿದ್ದಾರೆ. ಪ್ರೀತಿಯ ಸುತ್ತ ಜನರು ಹಸಿದವರಿಗೆ ಅನ್ನವನ್ನೂ ಬಟ್ಟೆಯಿಲ್ಲದವರಿಗೆ ಬಟ್ಟೆಯನ್ನೂ ಕೊಡುತ್ತಿದ್ದಾರೆ. ನಡುವಿನ ಮೂರ್ತಿ ಗುಣದ ಹೆಸರನ್ನು ಹೇಳಿದರೆ, ಅದರ ಅರ್ಥವನ್ನು ಸುತ್ತಲಿನ ಜನರ ಕೈಗಳು ಹೇಳುತ್ತವೆ.

ಈ ಕ್ರಮವು ಅತ್ಯಂತ ಕಠಿಣವಾಗುವುದು ನ್ಯಾಯದ ಚಿತ್ರದಲ್ಲಿ. ಕತ್ತಿ, ತಕ್ಕಡಿ ಹಿಡಿದ ನ್ಯಾಯದ ಕಣ್ಣಿಗೆ ಪಟ್ಟಿ ಕಟ್ಟಿದೆ. ಅವಳ ಸುತ್ತಲೇ ಆರೋಪಿಯನ್ನು ಹಿಂಸಾಯಂತ್ರದ ಮೇಲೆ ಎಳೆಯಲಾಗುತ್ತಿದೆ, ಒಬ್ಬನ ತಲೆ ಕಡಿಯಲು ಕತ್ತಿ ಎತ್ತಲಾಗಿದೆ, ದೂರದಲ್ಲಿ ನೇಣುಗಂಬಗಳು ನಿಂತಿವೆ. ಶಿಕ್ಷೆಯು ತಪ್ಪಿತಸ್ಥನನ್ನು ತಿದ್ದಲೆಂದು, ಇತರರಿಗೆ ಪಾಠವಾಗಲೆಂದು, ಉಳಿದವರಿಗೆ ನೆಮ್ಮದಿ ತರಲೆಂದು ಇದೆ ಎಂಬ ಅರ್ಥದ ಲ್ಯಾಟಿನ್ ಬರಹ ಕೆಳಗಿದೆ. ಆ ಬರಹವನ್ನು ನಂಬಿ ನೋಡಿದರೆ ಇದು ಅಂದಿನ ದಂಡನೀತಿಯ ಸಮರ್ಥನೆ. ನರಳುವ ದೇಹಗಳನ್ನು ನೋಡಿದರೆ, ಅದೇ ನೀತಿಯ ಮೇಲಿನ ವಿಚಾರಣೆ. ಕಣ್ಣುಪಟ್ಟಿ ಪಕ್ಷಪಾತವನ್ನು ತಡೆಯುವುದು ನಿಜವಾದರೂ, ತನ್ನ ಹೆಸರಿನಲ್ಲಿ ನಡೆಯುವ ನೋವನ್ನು ಕಾಣದಂತೆಯೂ ಅದು ನ್ಯಾಯವನ್ನು ತಡೆಯುತ್ತದೆ.

ಸದ್ಗುಣದ ಹೆಸರು ಹೇಳಿದ ಮಾತ್ರಕ್ಕೆ ಕೃತ್ಯವು ಸದ್ಗುಣವಾಗುವುದಿಲ್ಲವೆಂಬ ಅರಿವಿಗೆ ಈ ಚಿತ್ರ ಎಡೆಮಾಡುತ್ತದೆ. ಮೂರ್ತಿಯ ಕಣ್ಣಿಗೆ ಪಟ್ಟಿಯಿದೆ, ನೋಡುವವನ ಕಣ್ಣಿಗೆ ಇಲ್ಲ. ಆದ್ದರಿಂದ ಅವಳು ಕಾಣದ್ದನ್ನು ಕಂಡು ತೂಗುವ ಹೊಣೆ ಅವನದೇ ಆಗುತ್ತದೆ.