ಶಾಸನದ ಬಂಡೆ, ಜಟಾಯುವಿನ ರೆಕ್ಕೆ

ಮೊಳಕಾಲ್ಮೂರು ಸೀಮೆಯ ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ, ರಾವಣನೊಡನೆ ಕಾದಿದ ಜಟಾಯು ಇಲ್ಲಿಯೇ ಬಿದ್ದನೆಂಬ ಐತಿಹ್ಯವೂ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಶಾಸನವೂ ಜೊತೆಜೊತೆಯಾಗಿ ಉಳಿದಿವೆ. ಶಾಸನತಜ್ಞ ಬಿ. ಎಲ್. ರೈಸರು 1892ರಲ್ಲಿ ಇಲ್ಲಿಯೂ ಸಮೀಪದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿಯೂ ಬೆಳಕಿಗೆ ತಂದ ಆ ಶಾಸನಗಳು ಮಾತಾಪಿತೃಗಳ ಶುಶ್ರೂಷೆ, ಪ್ರಾಣಿದಯೆ, ಸತ್ಯವಚನ, ಆಚಾರ್ಯಗೌರವಗಳನ್ನು ನಿರಲಂಕಾರವಾಗಿ ಸಾರುತ್ತವೆ. ಇಂದಿನ ಭಿತ್ತಿಪತ್ರಗಳಿಗೆ ಇವು ಪೂರ್ವಜರೆಂದರೆ ತಪ್ಪಾಗದು. ಆದರೂ ಬಾಲಕನ ಕಣ್ಣನ್ನು ತೇವಗೊಳಿಸುವುದು ಶಾಸನವಲ್ಲ, ಐತಿಹ್ಯದ ಜಟಾಯುವಿನ ಕಡಿದ ರೆಕ್ಕೆ.

ಹಾಗಾದರೆ ಧರ್ಮಬೋಧೆಗಾಗಿ ಭಾವವನ್ನು ಕೆರಳಿಸುವುದು ನ್ಯಾಯವೇ? ಭರತಮುನಿಯು ವಿಭಾವವೆಂದು ಕರೆದ ಭಾವದ ಕಾರಣಗಳು ಶೋಕವನ್ನು ಎಬ್ಬಿಸಿದರೂ, ಅಭಿನವಗುಪ್ತನು ವಿವರಿಸಿದಂತೆ ಆ ಶೋಕವು ‘ನನ್ನದು’, ‘ಅವನದು’ ಎಂಬ ಸೀಮೆಯನ್ನು ಮೀರಿ ಸಾಧಾರಣಗೊಂಡಾಗಲೇ ಕರುಣರಸವಾಗುತ್ತದೆ. ಭಿತ್ತಿಪತ್ರವಾದರೋ ನನ್ನನ್ನೇ ಹಿಡಿದು, ವಿಚಾರಕ್ಕೆ ಎಡೆಗೊಡದೆ, ಕೊಳ್ಳು, ಅಂಜು, ದ್ವೇಷಿಸು ಎಂದು ಪ್ರೇರಿಸಬಲ್ಲದು. ಅಪಾಯವಿರುವುದು ಭಾವದಲ್ಲಲ್ಲ, ಈ ಅವಸರದಲ್ಲಿ.

ಆದುದರಿಂದ, ಚಿತ್ರವು ಭಾವವನ್ನು ಹೇಗೆ ಕೆರಳಿಸುವುದೆಂದು ನಿಧಾನವಾಗಿ ನೋಡುವುದನ್ನು ಕಲಿಸಲು, ಚಳ್ಳಕೆರೆಯ ವಿದ್ಯಾರ್ಥಿಗಳಿಂದ ನಾಯಕನಹಟ್ಟಿಯ ಜಾತ್ರೆಗೆ ಎರಡು ಭಿತ್ತಿಪತ್ರಗಳನ್ನು ಬರೆಯಿಸಬೇಕು: ಒಂದರಲ್ಲಿ ಕೆಂಪು ಹಿನ್ನೆಲೆಯ ಮೇಲೆ ರಥ, ಇನ್ನೊಂದರಲ್ಲಿ ಅಲ್ಲಿನ ಸಂತ ತಿಪ್ಪೇರುದ್ರಸ್ವಾಮಿಗಳು ಕಟ್ಟಿಸಿದರೆಂದು ಜನ ಇಂದಿಗೂ ಸ್ಮರಿಸುವ ಕೆರೆಯ ನಿಶ್ಚಲ ಜಲ. ಜಾತ್ರೆಯ ಹೆಸರು ಒಂದೇ ಆದರೂ, ಮೊದಲನೆಯದು ಉತ್ಸಾಹವನ್ನೂ ಎರಡನೆಯದು ಶಾಂತಿಯನ್ನೂ ಉಂಟುಮಾಡುವುದನ್ನು ವಿದ್ಯಾರ್ಥಿಗಳೇ ಕಾಣುವರು.

ಇಂತಹ ವಿಶ್ಲೇಷಣೆಯಿಂದ ಶ್ರದ್ಧೆ ಒಣಗುವುದೆಂಬ ಭಯಕ್ಕೆ ಆಧಾರವಿಲ್ಲ. ಇದೇ ಚಳ್ಳಕೆರೆ ತಾಲ್ಲೂಕಿನ ತಳುಕಿನ ಟಿ. ಎಸ್. ವೆಂಕಣ್ಣಯ್ಯನವರು ಸಾಹಿತ್ಯವನ್ನು ಬೋಧಿಸಿದ ಗುರುಗಳು. ಅವರ ಶಿಷ್ಯ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅವರಿಗೇ ಅರ್ಪಿಸಿದರು; ಆ ಪಾಠದಿಂದ ಶಿಷ್ಯನ ಶ್ರದ್ಧೆ ಒಣಗಲಿಲ್ಲ. ಈ ಸೀಮೆಯ ಉಪಾಧ್ಯಾಯರು ಮಕ್ಕಳನ್ನು ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಕರೆದೊಯ್ದು, ಶಾಸನವನ್ನೂ ಐತಿಹ್ಯವನ್ನೂ ಒಂದೇ ಪಾಠವಾಗಿ ಕಲಿಸಲಿ.